ದಿಢೀರ್ ಪ್ರವಾಹ: ಬರುವ ಮುನ್ನ, ಬಂದಾಗ, ಇಳಿದ ಮೇಲೆ

2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ, ಬಿಯಾಸ್ ನದಿಯ ಬಂಡೆಗಳ ಮೇಲೆ ಫೋಟೊ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಅದು ಮಳೆಯ ನೀರಲ್ಲ, ಮೇಲಿನ ಲಾರ್ಜಿ ಅಣೆಕಟ್ಟೆಯಿಂದ ಬಿಟ್ಟ ನೀರು. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅದಕ್ಕೂ ಮಳೆ ಕಾರಣವಾಗಿರಲಿಲ್ಲ. 2024ರ ಮೇ 17ರಂದು ತಮಿಳುನಾಡಿನ ತೆಂಕಾಶಿ ಜಿಲ್ಲೆಯ ಹಳೆ ಕುಟ್ರಾಲಂ ಜಲಪಾತದಲ್ಲಿ ಜನ ಸ್ನಾನ ಮಾಡುತ್ತಿದ್ದಾಗಲೇ ನೀರು ಒಮ್ಮೆಗೇ ಏರಿ 17 ವರ್ಷದ ಹುಡುಗನೊಬ್ಬ ತೀರಿಕೊಂಡ. ಆ ಮಳೆ ಬಿದ್ದದ್ದು ಮೇಲಿನ ಘಟ್ಟದ ಕಾಡಿನಲ್ಲಿ.

ನಿಂತ ಜಾಗದ ಆಕಾಶ ನೋಡಿ ಇಂಥ ನೆರೆಯನ್ನು ಅಂದಾಜಿಸಲು ಹೋದವರು ಮೋಸಹೋಗುತ್ತಾರೆ. ನಿಮಗಿಂತ ಎತ್ತರದಲ್ಲಿ ಏನಿದೆ, ಅಲ್ಲಿಂದ ನೀರು ನಿಮ್ಮ ತನಕ ಬರಲು ಎಷ್ಟು ಹೊತ್ತು ಬೇಕು, ಆ ಹೊತ್ತಿನಲ್ಲಿ ನೀವು ಯಾವ ದಿಣ್ಣೆ ಹತ್ತಬಲ್ಲಿರಿ ಎಂಬ ಮೂರು ಪ್ರಶ್ನೆಗಳಿಗೆ ಬೇಸಿಗೆಯಲ್ಲೇ ಉತ್ತರ ಹುಡುಕಿಟ್ಟುಕೊಳ್ಳಬೇಕು.

ಯಾವುದು ದಿಢೀರ್ ಪ್ರವಾಹ?

ಮಳೆ ಸುರಿದು, ಅಥವಾ ಕಟ್ಟೆ ಒಡೆದು, ಸಾಮಾನ್ಯವಾಗಿ 6 ಗಂಟೆಯೊಳಗೆ ಏರಿಬರುವ ನೆರೆಯನ್ನು ಹೀಗೆ ಕರೆಯುತ್ತಾರೆ. ಕಡಿದಾದ ಹಳ್ಳಗಳಲ್ಲಿ ಇದು ಅರ್ಧ ಗಂಟೆಯ ಆಟವೂ ಆಗಬಹುದು. ಕೃಷ್ಣಾ, ಭೀಮಾ ತೀರದ ಹಳ್ಳಿಗಳಿಗೆ ಬರುವ ನೆರೆ ಬೇರೆ ಜಾತಿಯದು. ಮಹಾರಾಷ್ಟ್ರದಲ್ಲಿ ನೀರು ಬಿಟ್ಟ ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ ಬರುತ್ತದೆ. ನಡುವೆ ದನಕರು, ದವಸ ಸಾಗಿಸಲು ಒಂದೆರಡು ದಿನ ಸಿಗುತ್ತದೆ. ದಿಢೀರ್ ಪ್ರವಾಹದಲ್ಲಿ ಆ ಬಿಡುವು ಇಲ್ಲ.

ಟಿವಿಯವರು ಜೋರು ಮಳೆಗೆಲ್ಲ ಮೇಘಸ್ಫೋಟ ಎಂದುಬಿಡುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸುಮಾರು 20ರಿಂದ 30 ಚದರ ಕಿ.ಮೀ. ಜಾಗದಲ್ಲಿ ಒಂದು ಗಂಟೆಗೆ 100 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುರಿದರೆ ಮಾತ್ರ ಅದು ಮೇಘಸ್ಫೋಟ. ಆದರೆ ಜೀವ ಹೋಗಲು ಅಷ್ಟು ಮಳೆ ಬೇಕಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 50 ಮಿ.ಮೀ. ಮಳೆ ಒಂದು ಚದರ ಕಿಲೋಮೀಟರಿಗೆ ಬಿದ್ದರೆ 5 ಕೋಟಿ ಲೀಟರ್. ಹಳ್ಳದ ಜಲಾನಯನ 10 ಚದರ ಕಿ.ಮೀ. ಇದ್ದರೆ 50 ಕೋಟಿ ಲೀಟರ್. ಇದರಲ್ಲಿ ನೆಲ ಕುಡಿದು ಉಳಿದದ್ದೆಲ್ಲ ನಿಮ್ಮ ಮನೆಯ ಹಿಂದಿನ ಮೋರಿಯಲ್ಲೇ ಹಾಯಬೇಕು.

ನೆಲ ಎಷ್ಟು ಕುಡಿಯುತ್ತದೆ ಎಂಬುದರ ಮೇಲೆ ಉಳಿದದ್ದು ನಿಂತಿದೆ. ಮಲೆನಾಡಿನಲ್ಲಿ ಜುಲೈ ಕಳೆಯುವ ಹೊತ್ತಿಗೆ ಮಣ್ಣು ನೆನೆದು ಮುದ್ದೆಯಾಗಿರುತ್ತದೆ, ಹನಿ ನೀರೂ ಇಂಗುವುದಿಲ್ಲ. 2018ರಲ್ಲಿ ಕೊಡಗು, 2019ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದ ಊರುಗಳು ನಲುಗಿದ್ದು ಎರಡೂ ಸಲ ಆಗಸ್ಟ್‌ನಲ್ಲೇ. ಬಯಲುಸೀಮೆಯಲ್ಲಿ ಇದರ ತದ್ವಿರುದ್ಧ: ಬೇಸಿಗೆಯಲ್ಲಿ ಬಿರಿದು ಗಟ್ಟಿಯಾದ ನೆಲದ ಮೇಲೆ ಮುಂಗಾರು ಪೂರ್ವದ ಮಳೆ ಬಿದ್ದರೆ ಮೇಲ್ಪದರ ಜಿಗುಟಾಗಿ ನೀರು ಜಾರಿಕೊಂಡು ಹೋಗುತ್ತದೆ. ಬೆಂಗಳೂರಿನಲ್ಲಿ ಕಾಂಕ್ರೀಟು, ಡಾಂಬರು ಏನನ್ನೂ ಕುಡಿಯುವುದಿಲ್ಲ. ನಗರ ದಿಬ್ಬದ ಮೇಲಿದೆ, ದೊಡ್ಡ ನದಿ ಇಲ್ಲ, ಇಲ್ಲಿಗೇನು ನೆರೆ ಎಂದುಕೊಂಡವರಿಗೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳ ರಾಜಕಾಲುವೆಗಳೇ ಉತ್ತರ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಟ್ರ್ಯಾಕ್ಟರ್, ದೋಣಿ ಓಡಾಡಿದ್ದು ಕೆರೆಗೆ ಕೆರೆ ಕೋಡಿ ಬಿದ್ದು, ಕೋಡಿ ನೀರಿಗೆ ದಾರಿ ಇಲ್ಲದೆ.

ನೀರಿನ ಬಲದ ಲೆಕ್ಕ

ಈಜು ಬಲ್ಲವರೇ ಹೆಚ್ಚು ಮೋಸಹೋಗುವ ಭಾಗ ಇದು. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಮೊಣಕಾಲುದ್ದದ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ, ಅಂದರೆ ನಿಧಾನ ನಡಿಗೆಯಷ್ಟು, ಹರಿಯುತ್ತಿದ್ದರೆ ಎರಡೂ ಕಾಲಿನ ಮೇಲೆ ಬೀಳುವ ತಳ್ಳು ಸುಮಾರು 6–7 ಕೆ.ಜಿ.ಯಷ್ಟು. ಅದೇ ನೀರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬಂದರೆ ಸುಮಾರು 60 ಕೆ.ಜಿ. ಆಳ ಅಷ್ಟೇ ಇದೆ, ನೋಡಲು ಅಂಥ ವ್ಯತ್ಯಾಸವೂ ಇಲ್ಲ, ಕಾಲು ಮಾತ್ರ ನಿಲ್ಲುವುದಿಲ್ಲ. ರಭಸ ಇದ್ದರೆ ಆರು ಅಂಗುಲ ನೀರು ದೊಡ್ಡವರನ್ನೂ ಬೀಳಿಸುತ್ತದೆ ಎನ್ನುವುದು ಇದೇ ಕಾರಣಕ್ಕೆ. ಬಿದ್ದ ಮೇಲೆ ಈಜಿಗಿಂತ ಮೊದಲು ಎದುರಾಗುವುದು ಕಲ್ಲು, ಬೇಲಿ ತಂತಿ, ಉರುಳಿ ಬರುವ ಮರ.

ವೇಗದ ಇನ್ನೊಂದು ಲೆಕ್ಕವೂ ತಲೆಯಲ್ಲಿರಲಿ. ಸೆಕೆಂಡಿಗೆ 3 ಮೀಟರ್ ವೇಗದ ನೀರು 5 ಕಿ.ಮೀ. ದೂರವನ್ನು 28 ನಿಮಿಷದಲ್ಲಿ ದಾಟುತ್ತದೆ. ಗುಡ್ಡ ಕುಸಿದು ಕಲ್ಲುಮಣ್ಣಿನ ಸಮೇತ ಬರುವ ಹರಿವು ಸೆಕೆಂಡಿಗೆ 10 ಮೀಟರ್ ಮುಟ್ಟಿದರೆ ಅದೇ ದೂರಕ್ಕೆ 8 ನಿಮಿಷ ಸಾಕು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಅಳಿಸಿದ್ದು ಇಂಥ ಹರಿವು. ಜನ ಮಲಗಿದ್ದರು.

ಹಂತ 1: ಒಣ ದಿನದಲ್ಲಿ ಊರು ಸುತ್ತಿ

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಇದಕ್ಕೆ ಸಾಕು. ಮನೆಗೆ ಹತ್ತಿರದ ಹಳ್ಳ, ತೋಡು ಅಥವಾ ರಾಜಕಾಲುವೆಯನ್ನು ಹಿಡಿದು ಮೇಲ್ಮುಖವಾಗಿ ಒಂದೆರಡು ಕಿಲೋಮೀಟರ್ ನಡೆಯಿರಿ. ದಡದ ಮರಗಳ ಕವಲಿನಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್, ಒಣ ಕಸ, ಹುಲ್ಲಿನ ಗುಪ್ಪೆ ನೋಡಿ. ಹಳೆ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಇದಕ್ಕಿಂತ ಖಚಿತವಾಗಿ ಹೇಳುವ ದಾಖಲೆ ಯಾವ ಕಚೇರಿಯಲ್ಲೂ ಸಿಗದು. ಆ ಎತ್ತರವನ್ನು ಮನೆಯ ಹೊಸ್ತಿಲಿಗೆ ಹೋಲಿಸಿ. ಊರಿನ ಹಿರಿಯರನ್ನು ಕೇಳುವಾಗ “ನೆರೆ ಬಂದಿತ್ತೇ” ಎನ್ನಬೇಡಿ, “ನೀರು ಯಾವ ಮೆಟ್ಟಿಲಿನವರೆಗೆ ಬಂದಿತ್ತು” ಎಂದು ಕೇಳಿ.

ಮೇಲ್ಭಾಗದಲ್ಲಿ ಕೆರೆ ಇದ್ದರೆ ಅದರ ಏರಿ, ತೂಬು, ಕೋಡಿ ಮೂರನ್ನೂ ನೋಡಿ. ಏರಿಯ ಹೊರಮೈಯಲ್ಲಿ ಜಿನುಗುವ ನೀರು ತಿಳಿಯಾಗಿದ್ದರೆ ಗಮನ ಇಟ್ಟರೆ ಸಾಕು. ಕೆಸರು ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಮಣ್ಣು ಹೊರಬರುತ್ತಿದೆ ಎಂದರ್ಥ. ಅವತ್ತೇ ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ಬರೆದು ಕೊಡಿ, ಫೋನಿನಲ್ಲಿ ಹೇಳಿ ಬಿಡಬೇಡಿ. ಕೋಡಿಗೆ ಮಣ್ಣು ಹಾಕಿ ಮುಚ್ಚಿ ಸೈಟ್ ಮಾಡಿದ್ದರೆ ನೀರು ಏರಿಯನ್ನೇ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿದರೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಲುಕೆರೆಗಳಲ್ಲಿ ಮೇಲಿನದು ಒಡೆದರೆ ಕೆಳಗಿನದಕ್ಕೂ ಅದೇ ಗತಿ.

ಕರಾವಳಿ, ಮಲೆನಾಡಿನಲ್ಲಿ ಹೊಳೆಗೆ ಅಡ್ಡ ಹಲಗೆ ಜೋಡಿಸಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮುಂಗಾರು ಹಿಡಿಯುವ ಮೊದಲು ತೆಗೆಯಲೇಬೇಕು. ಒಂದೆರಡು ಹಲಗೆ ಉಳಿದರೂ ಮರದ ದಿಮ್ಮಿ, ಬಿದಿರಿನ ಬುಡ ಅಲ್ಲಿ ಸಿಕ್ಕಿಕೊಂಡು ಹೊಳೆ ಪಕ್ಕದ ಅಡಿಕೆ ತೋಟದ ದಾರಿ ಹಿಡಿಯುತ್ತದೆ. ಮೋರಿಗಳೂ ಅಷ್ಟೆ. ಬಾಯಿ ಕಟ್ಟಿದ ಮೋರಿಯ ಹಿಂದೆ ನೀರು ಏರುತ್ತಾ ಹೋಗಿ, ಕಸ ಕಿತ್ತುಬಂದ ಕ್ಷಣ ಕೆಳಗಿನವರಿಗೆ ಒಂದೇ ಏಟಿಗೆ ಅಪ್ಪಳಿಸುತ್ತದೆ.

ಕೊನೆಗೆ, ಮನೆಯಿಂದ ಹತ್ತು ನಿಮಿಷದೊಳಗೆ ಕಾಲ್ನಡಿಗೆಯಲ್ಲಿ ಮುಟ್ಟಬಹುದಾದ ಎರಡು ಎತ್ತರದ ಜಾಗ ಗುರುತಿಸಿ. ದಾರಿಯಲ್ಲಿ ಹಳ್ಳ, ಸಂಕ, ಅಂಡರ್‌ಪಾಸ್ ದಾಟುವಂತಿದ್ದರೆ ಆ ಜಾಗ ಲೆಕ್ಕಕ್ಕಿಲ್ಲ. ಕಡಿದಾದ ಧರೆಯ ಬುಡವೂ ಬೇಡ, ಅಲ್ಲಿ ಮಣ್ಣು ಕುಸಿಯುವ ಭಯ. ಮನೆಯಲ್ಲಿ ಅಜ್ಜಿಯೋ ಹಾಸಿಗೆ ಹಿಡಿದವರೋ ಇದ್ದರೆ ಅವರನ್ನು ಕರೆದುಕೊಂಡೇ ಒಮ್ಮೆ ನಡೆದು ನೋಡಿ. ಹತ್ತು ನಿಮಿಷದ ದಾರಿ ಮೂವತ್ತು ನಿಮಿಷವಾಗುವುದು ಆಗ ಗೊತ್ತಾಗುತ್ತದೆ.

ಹಂತ 2: ಮುನ್ಸೂಚನೆ ಓದುವುದು

ಹವಾಮಾನ ಇಲಾಖೆಯ ಭಾಷೆಯಲ್ಲಿ 24 ಗಂಟೆಗೆ 64.5ರಿಂದ 115.5 ಮಿ.ಮೀ. ಭಾರಿ ಮಳೆ, 204.4ರವರೆಗೆ ಅತಿ ಭಾರಿ, ಅದಕ್ಕೂ ಮೀರಿದರೆ ಅತ್ಯಂತ ಭಾರಿ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೊಡುವುದು ಇಡೀ ಜಿಲ್ಲೆಗೆ. ಉತ್ತರ ಕನ್ನಡಕ್ಕೆ ಕಿತ್ತಳೆ ಎಂದರೆ ಹಳಿಯಾಳದಲ್ಲಿ ಬಿಸಿಲಿದ್ದು ಜೋಯಿಡಾದ ಘಟ್ಟದಲ್ಲಿ ಹಳ್ಳ ಉಕ್ಕಬಹುದು. ಹಾಗಾಗಿ ನಿಮ್ಮ ಹೊಳೆ ಹುಟ್ಟುವ ತಾಲ್ಲೂಕು ಯಾವುದೋ ಅಲ್ಲಿನ ಮಳೆ ನೋಡಬೇಕು, ಅದು ಪಕ್ಕದ ಜಿಲ್ಲೆಯದಾದರೂ ಸರಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅದರ ‘ವರುಣ ಮಿತ್ರ’ ಸಹಾಯವಾಣಿ 92433 45433ಕ್ಕೆ ಕರೆ ಮಾಡಿ ಊರಿನ ಹೆಸರು ಹೇಳಿದರೆ ಮಾಹಿತಿ ಕೊಡುತ್ತಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಫೋನಿನಲ್ಲಿರಲಿ. 2020ರಿಂದ ಹವಾಮಾನ ಇಲಾಖೆ ದಿಢೀರ್ ಪ್ರವಾಹಕ್ಕೆಂದೇ ಪ್ರತ್ಯೇಕ ಮುನ್ಸೂಚನೆ ಕೊಡುತ್ತಿದೆ: ಮುಂದಿನ 6 ಗಂಟೆಯ ಬೆದರಿಕೆ, ಮುಂದಿನ 24 ಗಂಟೆಯ ಅಪಾಯ ಎಂದು ಎರಡು ಬಗೆ.

ಕರೆಂಟೂ ನೆಟ್‌ವರ್ಕೂ ಹೋದ ಮೇಲೆ ಇವು ಯಾವುವೂ ಇಲ್ಲ. ಆಗ ಬೇಕಾಗುವುದು ನೇರ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲು. ಬಯಲಿನಲ್ಲಿ, ಮಾಡಿನ ನೀರು ಬೀಳದ ಕಡೆ ಇಡಿ. ಬಕೆಟ್ಟಿನಂತೆ ಬಾಯಿ ಅಗಲ, ಬುಡ ಕಿರಿದಿದ್ದರೆ ಲೆಕ್ಕ ತಪ್ಪುತ್ತದೆ. ಗಂಟೆಗೆ 5 ಸೆಂ.ಮೀ. ತುಂಬಿದರೆ ಹಳ್ಳದ ದಡದವರು ಮಲಗಬಾರದು. ನೆಲ ಮೊದಲೇ ನೆನೆದಿದ್ದರೆ ಅದರ ಅರ್ಧಕ್ಕೇ ಎಚ್ಚರ ವಹಿಸಿ.

ಹಂತ 3: ಮನೆಯ ಸಿದ್ಧತೆ

ಒಂದು ಬ್ಯಾಗು, ಅದೂ ಬೆನ್ನಿಗೆ ಹಾಕುವಂಥದ್ದು. ಪಹಣಿ, ಆಧಾರ್, ಪಡಿತರ ಚೀಟಿ, ವಿಮೆ ಪತ್ರ ಜಿಪ್ ಕವರಿನಲ್ಲಿ. ಒಂದು ವಾರದ ಮಾತ್ರೆ, ಹಳೆ ಕನ್ನಡಕ, ಟಾರ್ಚು, ಪವರ್ ಬ್ಯಾಂಕು, ಚಿಲ್ಲರೆ ನೋಟು, ಸೀಟಿ. ಸೀಟಿಯನ್ನು ಜನ ತಮಾಷೆ ಎಂದುಕೊಳ್ಳುತ್ತಾರೆ. ಹೊಳೆಯ ಅಬ್ಬರದಲ್ಲಿ ಕೂಗಿದ ದನಿ ಹತ್ತು ಮಾರು ಆಚೆ ಕೇಳುವುದಿಲ್ಲ, ಸೀಟಿ ಕೇಳುತ್ತದೆ. 10–12 ಮಿ.ಮೀ. ದಪ್ಪದ, 20 ಮೀಟರ್ ಉದ್ದದ ನೈಲಾನ್ ಹಗ್ಗ ಬಾಗಿಲ ಹಿಂದೆಯೇ ತೂಗಿರಲಿ.

ಕರೆಂಟಿನ ವಿಷಯದಲ್ಲಿ ಹೆಚ್ಚಿನವರು ಮೇನ್ ಸ್ವಿಚ್ ಇಳಿಸಿ ಕೈ ತೊಳೆದುಕೊಳ್ಳುತ್ತಾರೆ. ಯುಪಿಎಸ್ ಇರುವ ಮನೆಯಲ್ಲಿ ಮೇನ್ ಇಳಿದ ಮರುಕ್ಷಣ ಬ್ಯಾಟರಿಯಿಂದ ಅದೇ ತಂತಿಗಳಿಗೆ 230 ವೋಲ್ಟ್ ಹರಿಯತೊಡಗುತ್ತದೆ. ಮೊದಲು ಯುಪಿಎಸ್, ಆಮೇಲೆ ಮೇನ್, ಸೋಲಾರ್ ಇದ್ದರೆ ಅದರ ಸಂಪರ್ಕ ಕಡಿಯುವ ಸ್ವಿಚ್ (ಐಸೊಲೇಟರ್) ಕೂಡ. ಪಾದ ಆಗಲೇ ನೀರಿನಲ್ಲಿದ್ದರೆ ಬೋರ್ಡ್ ಮುಟ್ಟದೆ ಹೊರನಡೆಯಿರಿ.

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ಮುಚ್ಚಳ ಹಾಕಿ, ಕಿಟಕಿಯ ಸರಳಿಗೆ ಕಟ್ಟಿ. ತುಂಬಿದ ಸಿಲಿಂಡರ್ ಮುಳುಗುತ್ತದೆ ಎಂಬ ನಂಬಿಕೆ ತಪ್ಪು. 14.2 ಕೆ.ಜಿ. ಅನಿಲ, ಸುಮಾರು 15–16 ಕೆ.ಜಿ. ಕಬ್ಬಿಣ ಸೇರಿ 30 ಕೆ.ಜಿ. ಆಸುಪಾಸು. ಅದರ ಒಳಗಾತ್ರವೇ 33 ಲೀಟರಿಗೂ ಹೆಚ್ಚು. ಹಾಗಾಗಿ ತುಂಬಿದ್ದೂ ತೇಲುತ್ತದೆ, ತೇಲುತ್ತಾ ಪೈಪ್ ಕಿತ್ತುಕೊಳ್ಳುತ್ತದೆ.

ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿಬಿಡಿ. ಕಟ್ಟಿದ ದನ ನಿಂತಲ್ಲೇ ಸಾಯುತ್ತದೆ, ಬಿಟ್ಟ ದನ ತಾನಾಗಿ ಎತ್ತರ ಹುಡುಕುತ್ತದೆ.

ಹಂತ 4: ನೀರು ಬರುವ ಗುರುತು ಕಂಡಾಗ

ಹೊಳೆ, ಜಲಪಾತದ ಬಳಿ ಇದ್ದಾಗ ಈ ಗುರುತುಗಳಲ್ಲಿ ಒಂದು ಕಂಡರೂ ಸಾಕು, ಎರಡನೆಯದಕ್ಕೆ ಕಾಯಬಾರದು. ತಿಳಿ ನೀರು ಕೆಂಪಗೆ, ಕದಡಿದ ಚಹಾದಂತಾಗುವುದು. ಹಸಿ ಎಲೆ, ಕಡ್ಡಿ, ನೊರೆ ಒಟ್ಟಾಗಿ ತೇಲಿಬರುವುದು. ಮೇಲ್ಗಡೆಯಿಂದ ಲಾರಿ ಬಂದಂಥ ಗುಡುಗುಡು ಸದ್ದು, ಹಸಿಮಣ್ಣಿನ ವಾಸನೆ. ಈಗಷ್ಟೇ ಕಾಲಿಟ್ಟಿದ್ದ ಕಲ್ಲು ಮುಳುಗಿರುವುದು.

ಇವೆಲ್ಲಕ್ಕಿಂತ ಅಪಾಯದ ಗುರುತು ನೋಡಲು ಒಳ್ಳೆಯದರಂತೆ ಕಾಣುತ್ತದೆ: ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿಯುವುದು. ಮೇಲೆಲ್ಲೋ ಗುಡ್ಡ ಜಾರಿಯೋ ಮರ ಅಡ್ಡ ಬಿದ್ದೋ ನೀರು ಕಟ್ಟಿಕೊಂಡಿದೆ ಎಂದು ಅದರ ಅರ್ಥ. ಆ ತಡೆ ಒಡೆದಾಗ ಬರುವುದು ಮಾಮೂಲಿ ಹರಿವಲ್ಲ, ಗೋಡೆ. ನೀರು ಇಳಿಯಿತೆಂದು ಹಳ್ಳ ದಾಟಲು ಹೊರಡುವವರು ಸಿಕ್ಕಿಬೀಳುವುದು ಇಲ್ಲೇ.

ಗುರುತು ಕಂಡೊಡನೆ ಹಳ್ಳಕ್ಕೆ ಅಡ್ಡಲಾಗಿ, ದಿಣ್ಣೆಯ ಕಡೆಗೆ ಹತ್ತಿ. ಹಳ್ಳದ ಜಾಡಿನಲ್ಲೇ ಕೆಳಮುಖವಾಗಿ ಓಡಿದರೆ ಸೆಕೆಂಡಿಗೆ 3 ಮೀಟರ್ ನೀರಿನೊಂದಿಗೆ ಪಂದ್ಯ ಕಟ್ಟಿದಂತೆ. ನೇರ ಎತ್ತರ 5–6 ಮೀಟರ್ ಗಳಿಸಿದರೆ ಹೆಚ್ಚಿನ ಸಣ್ಣ ಹಳ್ಳಗಳಲ್ಲಿ ಪಾರಾದಿರಿ, ಕಿರಿದಾದ ಕಣಿವೆಯಲ್ಲಿ ಇನ್ನೂ ಹತ್ತಬೇಕು. ಆಚೆ ದಡದಲ್ಲಿ ಬ್ಯಾಗು, ಚಪ್ಪಲಿ ಉಳಿದಿದ್ದರೆ ಉಳಿಯಲಿ. ಗುಂಪು ಎರಡೂ ದಡಕ್ಕೆ ಹಂಚಿಹೋಗಿದ್ದರೆ ಇದ್ದಲ್ಲೇ ಹತ್ತಿ. ನಡುವಿನ ಬಂಡೆ ಎಷ್ಟೇ ದೊಡ್ಡದಿದ್ದರೂ ಆಸರೆಯಲ್ಲ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟೆಯ ಬಳಿ ಒಂದೇ ಕುಟುಂಬದವರು ಹರಿವಿನ ನಡುವೆ ಒಬ್ಬರನ್ನೊಬ್ಬರು ಅಪ್ಪಿ ನಿಂತಿದ್ದರು, ಐವರು ಉಳಿಯಲಿಲ್ಲ.

ಅಣೆಕಟ್ಟೆಯ ಕೆಳಗಿನ ನದಿಪಾತ್ರದಲ್ಲಿ ಸೈರನ್ ಕೇಳಿದರೆ ತಕ್ಷಣ ಮೇಲಕ್ಕೆ. ಆದರೆ ಸೈರನ್ ಕೇಳಲಿಲ್ಲ ಎಂಬುದು ಅಲ್ಲಿ ನಿಲ್ಲಲು ಪರವಾನಗಿಯಲ್ಲ.

ಕಾಲುಸಂಕ ಮತ್ತು ಮುಳುಗು ಸೇತುವೆ

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮಕ್ಕಳು ಶಾಲೆಗೆ ಹೋಗುವುದು ಇನ್ನೂ ಅಡಿಕೆ ಮರದ ಕಾಲುಸಂಕದ ಮೇಲೆ. ಕಟ್ಟುವವರು ಸೊಂಟದೆತ್ತರಕ್ಕೆ ಎರಡೂ ಕಡೆ ಹಗ್ಗ ಎಳೆಯಬೇಕು, ಒಂದೇ ಕಡೆಯ ಹಿಡಿಕೆ ಗಾಳಿಗೆ ಸಾಲದು. ನೀರು ಸಂಕದ ಹಲಗೆಯಿಂದ ಒಂದು ಗೇಣು ಕೆಳಗಿರುವಾಗಲೇ ದಾಟುವುದನ್ನು ನಿಲ್ಲಿಸಿ. ತೇಲಿಬರುವ ದಿಮ್ಮಿಯೊಂದು ಆ ಗೇಣನ್ನು ತುಂಬುತ್ತದೆ. ಒಬ್ಬರು ದಾಟಿ ಮುಗಿಸಿದ ಮೇಲೆ ಇನ್ನೊಬ್ಬರು. ಮಕ್ಕಳಿಗೆ ಕೊಡೆ ಬದಲು ರೇನ್‌ಕೋಟು, ಏಕೆಂದರೆ ಬಿಚ್ಚಿದ ಕೊಡೆ ಗಾಳಿಗೆ ಎಳೆಯುತ್ತದೆ. ಪಾಟಿಚೀಲ ಒಂದೇ ಹೆಗಲಿಗೆ ಇರಲಿ, ಬಿದ್ದರೆ ಕಳಚಿಕೊಳ್ಳಲು.

ಮುಳುಗು ಸೇತುವೆಯ ಮೇಲೆ ನಿಂತು ತೇಲಿಬರುವ ಕಟ್ಟಿಗೆ, ತೆಂಗಿನಕಾಯಿ ಹಿಡಿಯುವ ಗೀಳು ಹೊಳೆದಂಡೆಯ ಊರುಗಳಲ್ಲೆಲ್ಲ ಇದೆ. ನೂರು ರೂಪಾಯಿಯ ಕಾಯಿಗೆ ಯಾಕೆ ಈ ಸಾಹಸವೋ! ಗಟ್ಟಿ ಹಸಿಮರಗಳು ಅರ್ಧ ಮುಳುಗಿಕೊಂಡೇ ಬರುತ್ತವೆ, ಕಾಲಿಗೆ ಬಡಿಯುವ ತನಕ ಕಾಣುವುದಿಲ್ಲ.

ವಾಹನದಲ್ಲಿದ್ದಾಗ

ಕಾರು ಭಾರ, ನೀರಿಗೆ ಜಗ್ಗುವುದಿಲ್ಲ ಎಂಬ ಧೈರ್ಯಕ್ಕೆ ಸರಳ ಲೆಕ್ಕ ಸಾಕು. ಸಣ್ಣ ಕಾರಿನ ತೂಕ ಸುಮಾರು 750–800 ಕೆ.ಜಿ. ನೆಲದಿಂದ ಅದರ ಹೊಟ್ಟೆಗೆ 16–17 ಸೆಂ.ಮೀ. ಕೆಳಗಿನ ತಗಡಿನ ವಿಸ್ತಾರ ಸುಮಾರು 5 ಚದರ ಮೀಟರ್. ನೀರು ಹೊಟ್ಟೆ ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂ.ಮೀ.ಗೆ 500 ಕೆ.ಜಿ. ಮೇಲೆತ್ತುವ ಬಲ ಹುಟ್ಟುತ್ತದೆ. 15 ಸೆಂ.ಮೀ. ಏರಿದರೆ 750 ಕೆ.ಜಿ. ಅಂದರೆ ರಸ್ತೆಯ ಮೇಲೆ ಒಂದಡಿ ಚಿಲ್ಲರೆ ನೀರಿಗೆ ಟೈರು ನೆಲದ ಹಿಡಿತ ಕಳೆದುಕೊಂಡಿತು. ಹರಿವು ಇದ್ದರೆ ಅದಕ್ಕೂ ಮೊದಲೇ ಪಕ್ಕಕ್ಕೆ ಜಾರುತ್ತದೆ. ದೊಡ್ಡ ಎಸ್‌ಯುವಿಗೆ ಎರಡಡಿ ಬೇಕಾದೀತು, ಅಷ್ಟೇ ವ್ಯತ್ಯಾಸ. ಬೈಕಿನ ಚಕ್ರವನ್ನಂತೂ ಮುಂಗಾಲೆತ್ತರದ ಹರಿವೇ ತಿರುಗಿಸಿಬಿಡುತ್ತದೆ. ಬೈಕ್ ಹಿಡಿದುಕೊಳ್ಳಲು ಹೋದವರು ಬೈಕಿನ ಜೊತೆಗೇ ಹೋಗುತ್ತಾರೆ.

ಇನ್ನೊಂದು ಸಂಗತಿ, ಆ ನೀರಿನ ಕೆಳಗೆ ರಸ್ತೆ ಇದೆಯೋ ಇಲ್ಲವೋ. ಘಟ್ಟದಲ್ಲಿ ಮೋರಿ ಕೊಚ್ಚಿಹೋಗಿ ಡಾಂಬರಿನ ಪದರ ಮಾತ್ರ ತೂಗಾಡುತ್ತಿರಬಹುದು. ನಗರದಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದಿರಬಹುದು. ಮುಂದಿನ ಬಸ್ಸು ದಾಟಿತು ಎಂಬುದು ಸಾಕ್ಷಿಯಲ್ಲ. ಬಸ್ಸಿನ ತೂಕವೇ ಬೇರೆ, ಅದು ದಾಟುವಾಗಲೇ ರಸ್ತೆಯ ಅಂಚು ಕುಸಿದಿರಲೂಬಹುದು. ಹಾಗಾಗಿ ತಳ ಕಾಣದ, ಹರಿಯುವ ನೀರು ಕಂಡರೆ ವಾಹನ ತಿರುಗಿಸಿ.

ಅಂಡರ್‌ಪಾಸ್ ಬಟ್ಟಲಿದ್ದಂತೆ, ಸುತ್ತಲಿನ ರಸ್ತೆಗಳ ನೀರೆಲ್ಲ ಅಲ್ಲಿಗೇ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರಿನಲ್ಲಿದ್ದ ಯುವತಿಯೊಬ್ಬರು ಸತ್ತದ್ದು ವಿಧಾನಸೌಧದ ಕೂಗಳತೆಯಲ್ಲಿ. ನೆಲಮಾಳಿಗೆಗೂ ಇದೇ ಮಾತು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಕೇಂದ್ರದ ನೆಲಮಾಳಿಗೆಯಲ್ಲಿ ಮೂವರು ವಿದ್ಯಾರ್ಥಿಗಳು ಮುಳುಗಿದರು. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ಇಳಿಯುತ್ತಿರುವಾಗ ಕಾರು ತೆಗೆಯಲು ಹೋಗಬೇಡಿ, ಲಿಫ್ಟ್ ಬೇಡವೇ ಬೇಡ.

ಕಾರು ನೀರಿನಲ್ಲಿ ನಿಂತೇಬಿಟ್ಟರೆ ಕ್ರಮ ಹೀಗೆ: ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ಆಮೇಲೆ ನೀವು. ಮೊದಲ ಒಂದೆರಡು ನಿಮಿಷ ಪವರ್ ವಿಂಡೊ ಕೆಲಸ ಮಾಡುವ ಸಾಧ್ಯತೆ ಹೆಚ್ಚು, ಆ ಹೊತ್ತನ್ನು ಫೋನ್ ಕರೆಗೆ ಕಳೆಯಬೇಡಿ. ಬಾಗಿಲಿನೊಂದಿಗೆ ಹೆಣಗಬೇಡಿ. ಒಂದು ಮೀಟರ್ ಅಗಲದ ಬಾಗಿಲಿಗೆ ಹೊರಗಿನಿಂದ ಎರಡಡಿ ನೀರು ಒತ್ತಿದರೆ ಅದು ಸುಮಾರು 180 ಕೆ.ಜಿ. ಬಲ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು, ನಡುವಿಗಲ್ಲ. ಗಾಜು ಒಡೆಯುವ ಸಣ್ಣ ಸುತ್ತಿಗೆ ಚಾಲಕನ ಕೈಗೆಟಕುವಂತಿರಲಿ, ಡಿಕ್ಕಿಯಲ್ಲಿಟ್ಟರೆ ಪ್ರಯೋಜನವಿಲ್ಲ. ಅದಿಲ್ಲದಿದ್ದರೆ ಸೀಟಿನ ಹೆಡ್‌ರೆಸ್ಟ್ ಕಿತ್ತು ಅದರ ಉಕ್ಕಿನ ಕಡ್ಡಿಯ ತುದಿಯನ್ನು ಗಾಜಿನ ಕೆಳಅಂಚಿಗೆ ತೂರಿಸಿ ಮೀಟಬಹುದು. ಮುಂದಿನ ಗಾಜು ಪದರ ಅಂಟಿಸಿದ್ದು, ಬಿರುಕು ಬಿಡುತ್ತದೆಯೇ ಹೊರತು ಉದುರುವುದಿಲ್ಲ. ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಹಾಗೇ ಇರುತ್ತದೆ, ಗಾಜಿನ ಮೂಲೆಯ ಮುದ್ರೆ ಓದಿ ಈಗಲೇ ತಿಳಿದುಕೊಳ್ಳಿ. ಹೊರಬಂದ ಮೇಲೆ ದಡ ಕೈಗೆಟಕದಿದ್ದರೆ ಕಾರಿನ ಮಾಡಿನ ಮೇಲೆ ಹತ್ತಿ 112ಕ್ಕೆ ಕರೆ ಮಾಡಿ.

ನೀರಿಗೆ ಬಿದ್ದರೆ, ಬಿದ್ದವರನ್ನು ಕಂಡರೆ

ಎದ್ದು ನಿಲ್ಲಲು ಹೋಗಬೇಡಿ. ರಭಸದ ನೀರಿನಲ್ಲಿ ಪಾದ ಕಲ್ಲಿನ ಸಂದಿಗೆ ಸಿಕ್ಕರೆ ಹರಿವು ಮೈಯನ್ನು ಮಡಚಿ ಮುಳುಗಿಸುತ್ತದೆ. ಅಂಗಾತ ತೇಲಿ, ಪಾದ ಕೆಳಹರಿವಿನ ಕಡೆಗೆ, ಬೆರಳು ನೀರಿನ ಮೇಲೆ ಕಾಣುವಂತೆ. ಬಂಡೆ ಎದುರಾದರೆ ಕಾಲು ಮೊದಲು ತಾಗಲಿ. ಕೈಯಿಂದ ನೀರು ತಳ್ಳುತ್ತಾ ಓರೆಯಾಗಿ ದಡಕ್ಕೆ ಸರಿಯಿರಿ, ಹರಿವಿಗೆ ಎದುರಾಗಿ ಈಜಿ ದಣಿಯಬೇಡಿ. ಅಡ್ಡ ಬಿದ್ದ ಮರ ಅಥವಾ ಬೇಲಿ ಕಂಡಾಗ ಮಾತ್ರ ನಿಯಮ ಬೇರೆ. ನೀರು ಅದರ ನಡುವೆ ನುಸುಳುತ್ತದೆ, ಮನುಷ್ಯ ನುಸುಳಲಾರ. ಕವುಚಿ ಮಲಗಿ, ತಲೆ ಮುಂದೆ ಮಾಡಿ, ಜೋರಾಗಿ ಕೈ ಬೀಸಿ ಮರದ ಮೇಲೆ ಹತ್ತಿಬಿಡಬೇಕು.

ದಡದಲ್ಲಿರುವವರು ನೀರಿಗೆ ಹಾರಬಾರದು. ಮೊದಲು ಉದ್ದದ ಬಿದಿರು ಅಥವಾ ದೋಟಿ ಚಾಚಿ. ಎಟಕದಿದ್ದರೆ ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕಟ್ಟಿ, ತೇಲುತ್ತಿರುವವರಿಗಿಂತ ಸ್ವಲ್ಪ ಕೆಳಹರಿವಿಗೆ ಎಸೆಯಿರಿ. ಹಗ್ಗವನ್ನು ನಿಮ್ಮ ಸೊಂಟಕ್ಕೂ ಅವರ ಸೊಂಟಕ್ಕೂ ಕಟ್ಟಬೇಡಿ. ಬಿಗಿದ ಹಗ್ಗ ಹರಿವಿನಲ್ಲಿ ಮನುಷ್ಯನನ್ನು ನೀರಿನ ಕೆಳಗೇ ಹಿಡಿದಿಡುತ್ತದೆ. ಎಳೆದುಕೊಳ್ಳಲು ಬಲ ಸಾಲದಿದ್ದರೆ ಒಂದು ಮರಕ್ಕೆ ಹಗ್ಗದ ಸುತ್ತು ಹಾಕಿ ಹಿಡಿದರೆ ಸಾಕು, ಹರಿವೇ ಅವರನ್ನು ತೂಗಿ ದಡಕ್ಕೆ ತರುತ್ತದೆ.

ನೀರು ಇಳಿದ ಮೇಲೆ

ಒಂದು ಏರಿಕೆ ಮುಗಿದರೆ ಮುಗಿಯಿತೆಂದಲ್ಲ, ಮೇಲೆ ಇನ್ನೊಂದು ಕೆರೆಯೋ ಮಳೆಯೋ ಉಳಿದಿರಬಹುದು. ಬೆಳಕಾಗುವವರೆಗೆ ಇಳಿಯಬೇಡಿ. ಹರಿದುಬಿದ್ದ ತಂತಿ ಕಂಡರೆ 1912ಕ್ಕೆ ಹೇಳಿ. ಕಪಾಟು, ಸೌದೆ ರಾಶಿ, ಬೂಟಿನೊಳಗೆ ಹಾವು ಸೇರಿರುತ್ತದೆ, ಬರಿಗೈ ಹಾಕದೆ ಕೋಲಿನಿಂದ ತಟ್ಟಿ. ಕೆಸರು ಬಳಿಯುವಾಗ ಗಂಬೂಟು, ಕೈಗವಸು ಬೇಕು, ಗಾಯ ಇದ್ದರೆ ಮುಚ್ಚಿರಬೇಕು. ಇಲಿಜ್ವರ ಬರುವುದು ಈ ನೀರಿನಿಂದಲೇ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೆರೆ ನೀರಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ಹೇಳಿ.

ಬಾವಿಗೆ ನೆರೆ ನೀರು ಇಳಿದಿದ್ದರೆ ಸಾಧ್ಯವಾದಷ್ಟು ಕೆಸರು ತೆಗೆದು, ತಿಳಿಯಾದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು. ಅಳತೆ: ಬಾವಿಯ ವ್ಯಾಸವನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ, ಎಲ್ಲವೂ ಮೀಟರ್‌ನಲ್ಲಿ. 2 ಮೀಟರ್ ವ್ಯಾಸ, 3 ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಮಾಮೂಲಿ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ, ನೆರೆಯ ನಂತರ ಅದರ ಎರಡರಷ್ಟು, 5 ಗ್ರಾಂ. ಈ ಬಾವಿಗೆ ಸುಮಾರು 50 ಗ್ರಾಂ. ಪುಡಿಯನ್ನು ನೇರ ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಬೇರೆ ಕೊಡಕ್ಕೆ ಬಗ್ಗಿಸಿ. ಆ ಕೊಡವನ್ನು ಬಾವಿಗೆ ಇಳಿಸಿ ಮೇಲೆ ಕೆಳಗೆ ಆಡಿಸಿದರೆ ಚೆನ್ನಾಗಿ ಬೆರೆಯುತ್ತದೆ. ಒಂದು ರಾತ್ರಿ ಬಿಟ್ಟು ಬಳಸಿ, ಕುಡಿಯುವ ನೀರನ್ನು ಆಮೇಲೂ ಕುದಿಸಿಯೇ. ಹಳೆಯ, ತೆರೆದಿಟ್ಟ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಘಾಟು ಬರದಿದ್ದರೆ ಎಸೆಯಿರಿ.

ಮುಳುಗಿದ ವಾಹನವನ್ನು ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ ಎನ್ನಬೇಡಿ. ಸಿಲಿಂಡರಿನೊಳಗೆ ಸೇರಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಹೋಯಿತು. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಈ ಹಾನಿಗೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಟೋ ಮಾಡಿಸಿ.

ಪರಿಹಾರಕ್ಕೆ ಅರ್ಜಿ ಹಾಕುವವರು ಕೆಸರು ತೊಳೆಯುವ ಮೊದಲೇ ಫೋಟೊ ತೆಗೆಯಬೇಕು: ಮನೆಯ ಹೊರಗಿನಿಂದ ನಾಲ್ಕೂ ದಿಕ್ಕು, ಒಳಗೆ ಗೋಡೆಯ ಮೇಲಿನ ನೀರಿನ ಗೆರೆ ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಒಂದು, ಸತ್ತ ದನಕರುಗಳ ಕಿವಿಯೋಲೆಯ ಸಂಖ್ಯೆ ಕಾಣುವಂತೆ ಒಂದು. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಪಂಚನಾಮೆ ಬರೆಯುವಾಗ ಇವನ್ನು ತೋರಿಸಿ. ಸಹಿ ಹಾಕುವ ಮೊದಲು ಹಾನಿ ಭಾಗಶಃ ಎಂದು ಬರೆದಿದ್ದಾರೋ ಪೂರ್ಣ ಎಂದೋ ಓದಿಕೊಳ್ಳಿ. ಪರಿಹಾರದ ಮೊತ್ತ ನಿಂತಿರುವುದು ಆ ಒಂದು ಪದದ ಮೇಲೆ.